ಜ್ವರವಿಲ್ಲದ ದಿನ ಆ ಮಗುವನ್ನು ಯಾರೂ ನೋಡಿರಲಿಲ್ಲ

ಪುಟ್ಟಿ ನಮ್ಮಲ್ಲಿಗೆ ಬಂದಾಗ ಅವಳಿಗೆ 2 ವರ್ಷ 5 ತಿಂಗಳು. ಅಪ್ಪ ಎತ್ತಿಕೊಂಡು ಬಂದಿದ್ದರು. ಕೆಳಗೆ ಬಿಟ್ಟರೆ ಕೂರುತ್ತಾಳೆ, ಕುಂಡೆ ತಳ್ಳಿಕೊಂಡು ಮುಂದಕ್ಕೆ ಹೋಗುತ್ತಾಳೆ, ನಿಲ್ಲುವುದಿಲ್ಲ. "ಅಮ್ಮ", "ತಾತ" ಬಿಟ್ಟರೆ ಮಾತಿಲ್ಲ. ನಾನು ಕೇಳುವ ಮೊದಲೇ ತಾಯಿ ಹೇಳಿದರು: "ಜ್ವರ ಬಿಟ್ರೆ ನಡೀತಾಳೆ ಮೇಡಂ. ಜ್ವರಾನೇ ಬಿಡ್ತಿಲ್ಲ."

ಅದು ಅವರೊಬ್ಬರ ಮಾತಲ್ಲ. ಎರಡು ವರ್ಷದಿಂದ ಸುತ್ತಲಿನವರೆಲ್ಲ ಅವರಿಗೆ ಹೇಳುತ್ತ ಬಂದದ್ದೇ ಅದು. ಜ್ವರ ಬಂದು ಬಂದು ಮಗು ಸೊರಗಿದೆ, ಮೈಯಲ್ಲಿ ಶಕ್ತಿ ಇಲ್ಲ, ಮೈ ಹಿಡಿದರೆ ತಾನೇ ಎದ್ದು ಓಡುತ್ತೆ. ಕೇಳುವುದಕ್ಕೆ ಎಷ್ಟು ಸರಿ ಅನ್ನಿಸುತ್ತದೆ ಅಂದರೆ ಮೊದಲ ದಿನ ನಾನೂ ಅರ್ಧ ನಂಬಿದೆ.

ನಾನು ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ಮಕ್ಕಳ ಬೆಳವಣಿಗೆಯ ಥೆರಪಿಸ್ಟ್. ತಂದೆತಾಯಿಯ ಒಪ್ಪಿಗೆ ಪಡೆದು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕಾಯಿಲೆ ಬಹಳ ಅಪರೂಪದ್ದು. ಆದರೆ ಮಗುವಿನ ಬೆಳವಣಿಗೆ ಹಿಂದೆ ಬಿದ್ದದ್ದು ಎಲ್ಲರ ಕಣ್ಣು ತಪ್ಪಿಸಿಕೊಂಡ ರೀತಿ ಅಪರೂಪವೇನಲ್ಲ, ಅದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಕವರಿನೊಳಗಿನ ಚೀಟಿಗಳು

ತಾಯಿ ಬಟ್ಟೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಇಟ್ಟರು. ಒಳಗಿದ್ದದ್ದು 34 ಚೀಟಿ. ತಾರೀಖಿನ ಪ್ರಕಾರ ಜೋಡಿಸುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಹುಟ್ಟಿದ ಎರಡನೇ ದಿನವೇ ಮೈತುಂಬ ಕೆಂಪು ದದ್ದು, ಮೈ ಬಿಸಿ. ರಕ್ತಕ್ಕೆ ಸೋಂಕು ತಗುಲಿರಬಹುದೆಂದು 10 ದಿನ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕ. ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಅಲ್ಲಿಂದ ಮುಂದೆ ಮೂರು ವಾರಕ್ಕೋ ತಿಂಗಳಿಗೋ ಒಂದು ಜ್ವರ. ಹನ್ನೊಂದು ಸಲ ಆಂಟಿಬಯೋಟಿಕ್, ಮೂರು ಸಲ ಅಡ್ಮಿಟ್. ಪ್ರತಿ ಸಲವೂ ಕಲ್ಚರ್ ಕ್ಲೀನ್. ಪ್ರತಿ ಸಲವೂ ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಏರಿದೆ, ಬಿಳಿ ರಕ್ತಕಣ ಏರಿದೆ, ಹಿಮೋಗ್ಲೋಬಿನ್ ಮಾತ್ರ 8ರ ಆಸುಪಾಸಿನಲ್ಲೇ ಕೂತಿದೆ. ಕಬ್ಬಿಣದ ಟಾನಿಕ್ ಒಂದೂವರೆ ವರ್ಷ ಕುಡಿಸಿದ್ದಾರೆ, ಅದು ಏರಿಲ್ಲ.

ಒಂದೊಂದು ಚೀಟಿಯನ್ನು ಬಿಡಿಯಾಗಿ ನೋಡಿದರೆ ಯಾರ ತಪ್ಪೂ ಕಾಣುವುದಿಲ್ಲ. ಸುಡುವ ಮೈಯ ಮಗುವನ್ನು ಎದುರಿಗೆ ಮಲಗಿಸಿದಾಗ ಯಾವ ಡಾಕ್ಟರಾದರೂ ಮೊದಲು ಜ್ವರವನ್ನೇ ನೋಡಬೇಕು. ಅದೇ ಸರಿ. ಆದರೆ 34 ಚೀಟಿಯನ್ನೂ ಒಟ್ಟಿಗೆ ಹರಡಿದಾಗ ಏನಿಲ್ಲ ಅನ್ನುವುದು ಕಣ್ಣಿಗೆ ಹೊಡೆಯಿತು. ಮಗು ಕೂರುತ್ತದೆಯೇ, ನಿಲ್ಲುತ್ತದೆಯೇ, ಕರೆದರೆ ತಿರುಗುತ್ತದೆಯೇ ಎಂದು ಒಂದರಲ್ಲೂ ಬರೆದಿಲ್ಲ. ತಾಯಿ ಕಾರ್ಡಿನ ಬೆಳವಣಿಗೆಯ ಪುಟ ಖಾಲಿ. ಲಸಿಕೆ ಹಾಕಿಸಲು ಹೋದ ದಿನಗಳಲ್ಲಿ "ಜ್ವರ ಇದೆ, ಮುಂದಿನ ತಿಂಗಳು ಬನ್ನಿ" ಎಂದು ವಾಪಸ್ ಕಳಿಸಿದ್ದಾರೆ. 2013ರಿಂದ ದೇಶದಲ್ಲಿ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಹುಟ್ಟಿನಿಂದ ಬಂದ ದೋಷ, ಕೊರತೆ, ಕಾಯಿಲೆಗಳ ಜೊತೆಗೆ ಬೆಳವಣಿಗೆಯ ಹಿನ್ನಡೆಯನ್ನೂ ಹುಡುಕುವುದು ಅದರ ಕೆಲಸ. ತಂಡ ಬಂದ ಎರಡು ಸಲವೂ ಪುಟ್ಟಿ ಜ್ವರದಿಂದ ಮನೆಯಲ್ಲಿ. ರಿಜಿಸ್ಟರಿನಲ್ಲಿ ಗೈರು.

ಅಂದರೆ ಅಳೆಯುವ ದಿನ ಬಂದಾಗಲೆಲ್ಲ ಮಗುವಿಗೆ ಜ್ವರ. ಮಗುವನ್ನು ಯಾರಾದರೂ ನೋಡಿದ್ದು ಜ್ವರ ಬಂದಾಗ ಮಾತ್ರ. ಜ್ವರದ ಮಗು ನಡೆಯದಿದ್ದರೆ ಯಾರಿಗೂ ಆಶ್ಚರ್ಯವಿಲ್ಲ.

ಅಂದು ಅವಳಿಗೆ ಜ್ವರ ಇರಲಿಲ್ಲ. ಅಳೆದೆ. ತೂಕ 9.1 ಕೆಜಿ, ಎತ್ತರ 80 ಸೆಂ.ಮೀ., ಎರಡೂ ವಯಸ್ಸಿಗೆ ತೀರ ಕಡಿಮೆ. ತಲೆಯ ಸುತ್ತಳತೆ 50.5 ಸೆಂ.ಮೀ., ಅದು ವಯಸ್ಸಿಗೆ ಹೆಚ್ಚು. ಸೊರಗಿದ ಮಗುವಿನ ಮೈ ಕುಗ್ಗಿದರೂ ತಲೆ ಹಿಗ್ಗಬಾರದು. ಟೇಪನ್ನು ಮೂರು ಸಲ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಟ್ಟದ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂರುವುದು ತಡವೆಂದರೆ 9.2 ತಿಂಗಳಿಗೆ, ತಾವೇ ನಡೆಯುವುದು ತಡವೆಂದರೆ 17.6 ತಿಂಗಳಿಗೆ. ಪುಟ್ಟಿ ಕೂತದ್ದು ಹತ್ತೂವರೆ ತಿಂಗಳಿಗೆ. ಈಗ 29 ತಿಂಗಳು, ಇನ್ನೂ ನಿಂತಿಲ್ಲ.

ನೆಲಕ್ಕೆ ಒತ್ತಿದ ಹಣೆ

ಇಲ್ಲಿ ನನ್ನ ತಪ್ಪನ್ನು ಬರೆಯಬೇಕು. ಮೊದಲ ದಿನ ಅವಳು ಆಡುತ್ತ ಆಡುತ್ತ ನಡುವೆ ಬಗ್ಗಿ, ನಮ್ಮ ಕೋಣೆಯ ಕಡಪಾ ಕಲ್ಲಿನ ನೆಲಕ್ಕೆ ಹಣೆ ಒತ್ತಿ, ಒಂದೆರಡು ನಿಮಿಷ ಹಾಗೇ ಇದ್ದಳು. ಅಳಲಿಲ್ಲ. ಕಣ್ಣು ಮುಚ್ಚಿದ್ದಳು. ಹೆಸರು ಕರೆದರೆ ತಿರುಗಲಿಲ್ಲ. ನಾನು ಫೈಲಿನಲ್ಲಿ ಬರೆದೆ: ಹೆಸರಿಗೆ ಪ್ರತಿಕ್ರಿಯೆ ಇಲ್ಲ, ನೆಲಕ್ಕೆ ಹಣೆ ಒತ್ತುವ ವರ್ತನೆ, ಆಟಿಸಂ ತಪಾಸಣೆ ಆಗಬೇಕು.

ಬರೆದ ಮೇಲೂ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಯಾಕೆಂದರೆ ಅದೇ ಮಗು ಫ್ಯಾನ್ ತೋರಿಸಿ ಅಮ್ಮನ ಮುಖ ನೋಡಿತು, ಚೆಂಡನ್ನು ನನ್ನ ಕೈಗೆ ಕೊಟ್ಟು "ಮತ್ತೆ ಉರುಳಿಸು" ಅನ್ನುವ ಹಾಗೆ ಕಾಯಿತು, ನಾನು ನಕ್ಕರೆ ನಕ್ಕಿತು. ಬೆರಳು ತೋರಿಸಿ ತನ್ನ ಖುಷಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಮಗುವಿಗೆ ಅವಸರದಲ್ಲಿ ಆ ಹೆಸರು ಅಂಟಿಸಬಾರದಿತ್ತು.

ಎರಡನೇ ಸಲ ಬಂದಾಗ ಅಜ್ಜಿ ಜೊತೆಗಿದ್ದರು. ಮಗುವನ್ನು ದಿನಾ ಎರೆಯುವವರು ಅವರೇ. ಎರೆಯುವ ಕೈಗೆ ಗೊತ್ತಿರುವಷ್ಟು ಯಾವ ಚೀಟಿಗೂ ಗೊತ್ತಿರಲಿಲ್ಲ. ದದ್ದಿನ ಮಾತು ಬಂದಾಗ ಅವರು ಹೇಳಿದ್ದು ಇದು: "ಪಿತ್ತಗಂಧೆ ಅಂತಾರೆ ಎಲ್ಲಾರೂ. ಗಂಧೆ ಎದ್ರೆ ಮಕ್ಳು ಚರ್ಮ ಕಿತ್ಕೊಳ್ಳೋ ಹಾಗೆ ಕೆರ್ಕೋತಾವೆ. ಇವಳು ಒಂದಿನಾನೂ ಕೆರ್ಕೊಂಡಿಲ್ಲ." ಆಮೇಲೆ ಮಗುವಿನ ತಲೆಯ ಮೇಲೆ ನನ್ನ ಬೆರಳು ಹಿಡಿದು ಇಟ್ಟರು. ನೆತ್ತಿ ಇನ್ನೂ ಕೂಡಿರಲಿಲ್ಲ. ಎರಡು ವರ್ಷದೊಳಗೆ ಮುಚ್ಚಬೇಕಾದ ಜಾಗ ಮೆತ್ತಗಿತ್ತು, ತುಸು ಉಬ್ಬಿತ್ತು. "ಹರಳೆಣ್ಣೆ ಒತ್ತಿ ಒತ್ತಿ ಸಾಕಾಯ್ತು, ಕೂಡ್ತಾನೇ ಇಲ್ಲ" ಅಂದರು. ನೆಲಕ್ಕೆ ಹಣೆ ಒತ್ತುವುದರ ಬಗ್ಗೆ ಕೇಳಿದೆ. ಬೆಳಿಗ್ಗೆ ಹೊತ್ತು ಜಾಸ್ತಿಯಂತೆ. ಎದ್ದ ಕೂಡಲೇ ಹಾಸಿಗೆಯಿಂದ ಜಾರಿ ನೆಲಕ್ಕೆ ಹಣೆ ಹಚ್ಚಿ ಮಲಗುತ್ತಾಳೆ, ಕೆಲವು ದಿನ ವಾಂತಿ, ವಾಂತಿ ಆದ ಮೇಲೆ ಸರಿಹೋಗುತ್ತಾಳೆ. ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಕೊಡುತ್ತಿದ್ದರು.

ತಲೆನೋವು ಎಂದು ಹೇಳಲು ಬಾರದ ಮಗು ಮತ್ತೆ ಹೇಗೆ ಹೇಳಬೇಕು? ರಾತ್ರಿಯೆಲ್ಲ ಮಲಗಿದ್ದಾಗ ತಲೆಯೊಳಗಿನ ಒತ್ತಡ ಏರುತ್ತದೆ, ಆದ್ದರಿಂದ ನೋವು, ವಾಂತಿ ಎರಡೂ ಬೆಳಗಿನ ಹೊತ್ತಿಗೇ ಹೆಚ್ಚು. ನಾನು ವರ್ತನೆ ಎಂದು ಬರೆದದ್ದು ನೋವಾಗಿತ್ತು. ಫೈಲಿನ ಆ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಾರೀಖು ಹಾಕಿದೆ. ಈಗಲೂ ಅದು ಹಾಗೇ ಇದೆ.

ಅವತ್ತೇ ಕಿವಿ ತಪಾಸಣೆಗೆ ಬರೆದುಕೊಟ್ಟೆ. ಮನೆಯವರಿಗೆ ನಂಬಿಕೆ ಇರಲಿಲ್ಲ. ಬಾಗಿಲು ಬಡಿದರೆ ತಿರುಗುತ್ತಾಳೆ, ಟ್ರ್ಯಾಕ್ಟರ್ ಬಂದರೆ ಕೈ ತೋರಿಸುತ್ತಾಳೆ. ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆಯಲ್ಲೂ ಪಾಸ್. ಸದ್ದಿಗೆ ಕಿವಿಯ ನರ ಮತ್ತು ಮೆದುಳು ಕೊಡುವ ಉತ್ತರ ಅಳೆಯುವ ಬೇರಾ ಪರೀಕ್ಷೆಯಲ್ಲಿ ಎರಡೂ ಕಿವಿಯ ಒಳನರದ ಕಡೆಯಿಂದ ಮಧ್ಯಮ ಪ್ರಮಾಣದ ಶ್ರವಣದೋಷ ಕಂಡಿತು, ಏರುದನಿಗಳಲ್ಲಿ ಹೆಚ್ಚು. ಬಾಗಿಲ ಸದ್ದು, ಟ್ರ್ಯಾಕ್ಟರ್ ಸದ್ದು ತಗ್ಗಿನ ದನಿಗಳು, ಅವು ಕೇಳುತ್ತವೆ. ಸ, ಶ, ಚ ತರಹದ ಅಕ್ಷರಗಳು ಮೇಲಿನ ದನಿಯವು, ಅವು ಅವಳ ಪಾಲಿಗೆ ಇರಲೇ ಇಲ್ಲ. "ಸಕ್ರೆ ಬೇಕಾ ಚಿನ್ನಿ" ಅಂದರೆ ಅವಳಿಗೆ ಕೇಳುತ್ತಿದ್ದದ್ದು ಅಲ್ಲಲ್ಲಿ ತೂತು ಬಿದ್ದ ಮಾತು. ಹುಟ್ಟಿದಾಗ ಸರಿಯಿದ್ದ ಕಿವಿ ಆಮೇಲೆ ಕೆಡಬಹುದು ಅನ್ನುವುದನ್ನು ಆ ಪಾಸ್ ಚೀಟಿ ಎಲ್ಲರಿಗೂ ಮರೆಸಿತ್ತು.

ಒಂದೇ ಉರಿ

ಬೆಂಗಳೂರಿನ ಮಕ್ಕಳ ಆಸ್ಪತ್ರೆಯೊಂದಕ್ಕೆ ಕಳಿಸುವಾಗ ನಾನು ಬರೆದ ಪತ್ರ ಒಂದೇ ಪುಟದ್ದು. ಹುಟ್ಟಿದಾಗಿನಿಂದ ಕೆರೆತವಿಲ್ಲದ ಗಂಧೆ, ಸೋಂಕು ಸಿಗದ ಜ್ವರ, ಪ್ರತಿ ಸಲವೂ ಏರಿದ ಸಿಆರ್‌ಪಿ, ಮುಚ್ಚದ ನೆತ್ತಿ, ಬೆಳಗಿನ ವಾಂತಿ, ಕೇಳದ ಕಿವಿ, ಹಿಂದೆ ಬಿದ್ದ ನಡಿಗೆ ಮತ್ತು ಮಾತು. ಕಾಯಿಲೆಯ ಹೆಸರು ನನಗೆ ಗೊತ್ತಿರಲಿಲ್ಲ. ಇವೆಲ್ಲ ಏಳು ಬೇರೆ ಬೇರೆ ದುರದೃಷ್ಟ ಆಗಿರಲಾರವು ಎಂಬುದಷ್ಟೇ ಗೊತ್ತಿತ್ತು.

ಅಲ್ಲಿ ಕಣ್ಣಿನ ಡಾಕ್ಟರು ನೋಡಿದಾಗ ಕಣ್ಣಿನ ನರದ ಬುಡ ಊದಿಕೊಂಡಿತ್ತು. ಎಂಆರ್‌ಐನಲ್ಲಿ ಮೆದುಳಿನ ಹೊದಿಕೆಯಲ್ಲಿ ಉರಿಯೂತ ಕಂಡಿತು. ಬೆನ್ನಿನ ನೀರು ತೆಗೆಯಬೇಕೆಂದಾಗ ಮನೆಯವರು ಎರಡು ವಾರ ಒಪ್ಪಲಿಲ್ಲ. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತವೆ ಎಂಬ ಭಯ ನಮ್ಮ ಕಡೆ ಬಹಳ ಗಟ್ಟಿ, ಅದರಲ್ಲೂ ಮೊದಲೇ ನಡೆಯದ ಮಗು. ಸೊಂಟದ ಆ ಜಾಗದಲ್ಲಿ ಬೆನ್ನುಹುರಿ ಇರುವುದಿಲ್ಲ, ಅದು ಮೇಲೆಯೇ ಮುಗಿದಿರುತ್ತದೆ ಎಂದು ಚಿತ್ರ ಬರೆದು ತೋರಿಸಿದ ಮೇಲೆ ತಂದೆ ಸಹಿ ಹಾಕಿದರು. ನೀರಿನ ಒತ್ತಡ ಹೆಚ್ಚಿತ್ತು, ಅದರಲ್ಲಿ ಬಿಳಿ ಕಣಗಳಿದ್ದವು, ರೋಗಾಣು ಇರಲಿಲ್ಲ. ಕೊನೆಗೆ ಜೀನ್ ಪರೀಕ್ಷೆಯಲ್ಲಿ ಎನ್‌ಎಲ್‌ಆರ್‌ಪಿ3 ಎಂಬ ಜೀನಿನಲ್ಲಿ ಬದಲಾವಣೆ ಸಿಕ್ಕಿತು. ತಂದೆತಾಯಿ ಇಬ್ಬರಲ್ಲೂ ಅದು ಇರಲಿಲ್ಲ, ಮಗುವಿನಲ್ಲೇ ಹೊಸದಾಗಿ ಆದದ್ದು. ಇದನ್ನು ಕೇಳಿದ ಕ್ಷಣ ಆ ತಾಯಿ ಉಸಿರು ಬಿಟ್ಟದ್ದು ನನಗೆ ಫೋನಿನಲ್ಲೇ ಕೇಳಿಸಿತು. ಬಸಿರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತೆಂದು ಎರಡು ವರ್ಷದಿಂದ ಮನೆಯಲ್ಲಿ ಮಾತು ಕೇಳಿದ್ದರು ಆಕೆ.

ಕಾಯಿಲೆಗೆ ನೋಮಿಡ್ ಎಂದು ಹೆಸರು, ಯುರೋಪಿನಲ್ಲಿ ಸಿಂಕಾ ಎನ್ನುತ್ತಾರೆ. ಫ್ರಾನ್ಸಿನ ಮಕ್ಕಳ ವೈದ್ಯೆ ಆನ್-ಮಾರಿ ಪ್ರಿಯರ್ ಮತ್ತು ಕ್ಲೋಡ್ ಗ್ರಿಸೆಲ್ಲಿ 1981ರಲ್ಲಿ ಇದನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಇದೇ ಜೀನಿನಿಂದ ಬರುವ ಸೌಮ್ಯ ರೂಪಗಳ ಕಾರಣ 2001ರಲ್ಲಿ ಪತ್ತೆಯಾಯಿತು, ಮರುವರ್ಷವೇ ನೋಮಿಡ್‌ಗೂ ಅದೇ ಕಾರಣ ಎಂದು ಗೊತ್ತಾಯಿತು. ಸಾಮಾನ್ಯ ಜೀನ್ ಪರೀಕ್ಷೆಯಲ್ಲಿ ಸಿಗದ ಕೆಲವು ಮಕ್ಕಳಿರುತ್ತಾರೆ. ಅವರಲ್ಲಿ ದೇಹದ ಕೆಲವು ಜೀವಕೋಶಗಳಲ್ಲಿ ಮಾತ್ರ ಬದಲಾವಣೆ ಇರುತ್ತದೆ. ಹಾಗಾಗಿ ಜೀನ್ ರಿಪೋರ್ಟ್ ಕ್ಲೀನ್ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದು ಬಾಗಿಲು ಮುಚ್ಚುವ ಹಾಗಿಲ್ಲ.

ನಡೆಯುವುದು ಇಷ್ಟು. ರೋಗಾಣು ಹೊಕ್ಕಾಗ ಎಚ್ಚರಿಸುವ ಗಂಟೆಯೊಂದು ನಮ್ಮ ರಕ್ಷಣಾ ಕಣಗಳ ಒಳಗಿದೆ. ಆ ಗಂಟೆ ಹೊಡೆದರೆ ಇಂಟರ್‌ಲ್ಯೂಕಿನ್-1 ಎಂಬ ರಾಸಾಯನಿಕ ಹೊರಬರುತ್ತದೆ. ಅದು ಮೆದುಳಿಗೆ ತಲುಪಿಸುವ ಸಂದೇಶವೇ ಜ್ವರ. ಈ ಮಕ್ಕಳಲ್ಲಿ ರೋಗಾಣು ಇಲ್ಲದೆಯೂ ಗಂಟೆ ಬಡಿಯುತ್ತಲೇ ಇರುತ್ತದೆ. ಚರ್ಮದಲ್ಲಿ ಅದು ದದ್ದು, ಮೆದುಳಿನ ಹೊದಿಕೆಯಲ್ಲಿ ಅದು ಒತ್ತಡ, ಒಳಗಿವಿಯಲ್ಲಿ ಅದು ಕಿವುಡು, ಮಂಡಿಯಲ್ಲಿ ನೋವು. ಕಬ್ಬಿಣದ ಟಾನಿಕ್ ಮೈಗೆ ಹತ್ತದಿದ್ದುದಕ್ಕೂ ಅದೇ ಕಾರಣ. ಉರಿಯೂತ ಇರುವಾಗ ದೇಹ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇಷ್ಟು ಗೊತ್ತಾದ ಮೇಲೆ "ಜ್ವರ ಬಂದು ಬಂದು ಮಗು ಹಿಂದೆ ಬಿದ್ದಿದೆ" ಎಂಬ ಮಾತಿನಲ್ಲಿ ಎಲ್ಲಿ ಎಡವಟ್ಟಾಗಿತ್ತು ಅನ್ನುವುದು ಸ್ಪಷ್ಟವಾಯಿತು. ಜ್ವರ ಕಾರಣ, ಹಿನ್ನಡೆ ಪರಿಣಾಮ ಎಂದು ಎಲ್ಲರೂ ತಿಳಿದಿದ್ದೆವು. ನಿಜಕ್ಕೂ ಎರಡೂ ಒಂದೇ ಉರಿಯ ಎರಡು ಮುಖ. ಜ್ವರ ಬಿಟ್ಟ ದಿನಗಳಲ್ಲೂ ಕಿವಿಯಲ್ಲಿ, ಮೆದುಳಿನ ಸುತ್ತ ಆ ಉರಿ ಉರಿಯುತ್ತಲೇ ಇತ್ತು. ಜ್ವರ ನಿಲ್ಲಲಿ ಎಂದು ಕಾದ ಒಂದೊಂದು ತಿಂಗಳೂ ಕಿವಿಯ ಖಾತೆಯಿಂದ ಹೋದ ತಿಂಗಳು.

ಪದೇ ಪದೇ ಜ್ವರ ಬರುವ ಮಗುವಿನ ತಾಯಿಯೊಬ್ಬರು ಇದನ್ನು ಓದುತ್ತಿದ್ದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅಂಗನವಾಡಿಗೆ ಹೊಸದಾಗಿ ಸೇರಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ-ಜ್ವರ ಬರುವುದು ಸಹಜ. ಕ್ಯಾಲೆಂಡರ್ ನೋಡಿಕೊಂಡು ಬಂದ ಹಾಗೆ ಮೂರರಿಂದ ಆರು ವಾರಕ್ಕೊಮ್ಮೆ ಜ್ವರ, ಗಂಟಲು ನೋವು, ಬಾಯಿಹುಣ್ಣು, ಕುತ್ತಿಗೆಯ ಗಂಟು ಬರುವ ಪಿಫಾಪ ಎಂಬ ತೊಂದರೆಯೂ ಇದೆ. 1987ರಲ್ಲಿ ಮೊದಲು ವಿವರಿಸಿದ್ದು. ಆ ಮಕ್ಕಳು ಜ್ವರದ ನಡುವಿನ ದಿನಗಳಲ್ಲಿ ಚೆನ್ನಾಗಿರುತ್ತಾರೆ, ಎತ್ತರ ತೂಕ ಮಾತು ನಡಿಗೆ ಎಲ್ಲ ಸರಿಯಾಗಿ ಬರುತ್ತದೆ, ದೊಡ್ಡವರಾಗುತ್ತ ಜ್ವರವೂ ಬಿಡುತ್ತದೆ. ಜ್ವರಕ್ಕೆ ಬರುವ ಸಾಧಾರಣ ಫಿಟ್ಸ್ ಕೂಡ ಬುದ್ಧಿಗೆ ಪೆಟ್ಟು ಕೊಡುವುದಿಲ್ಲ. ಹಾಗಿರುವಾಗ ಪದೇ ಪದೇ ಜ್ವರ ಬರುವ ಮಗುವಿನ ಬೆಳವಣಿಗೆಯೂ ಹಿಂದೆ ಬಿದ್ದಿದ್ದರೆ ಅದನ್ನು ಜ್ವರದ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ಅದೇ ದೊಡ್ಡ ಸುಳಿವು. ಮೆವಲೋನೇಟ್ ಕೈನೇಸ್ ಎಂಬ ಕಿಣ್ವದ ಕೊರತೆಯ ತೀವ್ರ ರೂಪದಲ್ಲೂ ಜ್ವರ ಮತ್ತು ಬೆಳವಣಿಗೆಯ ಹಿನ್ನಡೆ ಹೀಗೇ ಜೊತೆಯಾಗಿ ಬರುತ್ತವೆ.

ಮದ್ದು ಬಂದ ಮೇಲೆ

ಅನಾಕಿನ್ರಾ ಎಂಬ ಇಂಜೆಕ್ಷನ್ ಇಂಟರ್‌ಲ್ಯೂಕಿನ್-1 ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಅಮೆರಿಕದಲ್ಲಿ 2006ರಲ್ಲಿ ನೋಮಿಡ್ ಇರುವ 18 ಜನರಿಗೆ ಇದನ್ನು ಕೊಟ್ಟ ಅಧ್ಯಯನ ಪ್ರಕಟವಾಯಿತು. 18 ಜನರಲ್ಲೂ ಗುಣ ಕಂಡಿತ್ತು, ದದ್ದು ಮೂರು ದಿನದೊಳಗೆ ಹೋಗಿತ್ತು. 2012ರ ಕೊನೆಗೆ ಅಲ್ಲಿ ಈ ಕಾಯಿಲೆಗೆಂದೇ ಅನುಮತಿ ಸಿಕ್ಕಿತು. ಪುಟ್ಟಿಗೆ ಬೇಕಾದಾಗ ಅದು ಇಲ್ಲಿನ ಔಷಧ ಅಂಗಡಿಯಲ್ಲಿ ಸಿಗುವ ಮದ್ದಾಗಿರಲಿಲ್ಲ. ಸ್ವಂತ ಬಳಕೆಗೆ ವಿದೇಶದಿಂದ ತರಿಸಲು 12-ಎ ನಮೂನೆಯಲ್ಲಿ ಅರ್ಜಿ ಹಾಕಿ 12-ಬಿ ಪರವಾನಗಿ ಪಡೆಯಬೇಕು. ಖರ್ಚಿಗೆ ಸ್ವಲ್ಪ ದಾನಿಗಳು, ಉಳಿದದ್ದು ಅಡಿಕೆ ತೋಟದ ಮೇಲಿನ ಸಾಲ. ಮೊದಲ ಡೋಸ್ ಬರುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ಆ ಮೂರು ತಿಂಗಳು ನಾವು ಕಾಯಲಿಲ್ಲ. ಕಿವಿಗೆ ಯಂತ್ರ ಹಾಕಿಸಿದೆವು. ಮಂಡಿ ನೋವಿರುವ ಮಗುವಿಗೆ ಬಲವಂತದ ವ್ಯಾಯಾಮ ಬೇಡವೆಂದು, ಬಿಸಿನೀರಿನ ಟಬ್ಬಿನಲ್ಲಿ ನಿಲ್ಲಿಸಿ ಆಡಿಸುವುದನ್ನು ಅಜ್ಜಿಗೆ ಹೇಳಿಕೊಟ್ಟೆ. ಯಂತ್ರ ಹಾಕಿದ ಮೊದಲ ದಿನ ಅಪ್ಪ ಜೇಬಿನಿಂದ ಮೊಬೈಲ್ ತೆಗೆದಾಗ ಬೀಗದ ಕೈ ಗೊಂಚಲು ಕೆಳಗೆ ಬಿತ್ತು. ಪುಟ್ಟಿ ತಿರುಗಿದಳು. ಎತ್ತಿಕೊಂಡಳು, ಅಲ್ಲಾಡಿಸಿದಳು, ಕಿವಿಯ ಹತ್ತಿರ ಹಿಡಿದಳು, ಮತ್ತೆ ಕೆಳಗೆ ಹಾಕಿದಳು. ಅರ್ಧ ಗಂಟೆ ಅದೇ ಆಟ. ಅವತ್ತಿನ ಥೆರಪಿ ಅಷ್ಟೇ ಸಾಕೆಂದು ನಾನು ಸುಮ್ಮನೆ ಕೂತು ನೋಡಿದೆ.

ಅನಾಕಿನ್ರಾ ಶುರುವಾದ ಎರಡನೇ ದಿನಕ್ಕೆ ದದ್ದು ಮಾಯವಾಯಿತು. ಹುಟ್ಟಿದ ಮೇಲೆ ಮೊದಲ ಸಲ ಮಗಳ ಬರಿಯ ಚರ್ಮ ನೋಡಿದ್ದು ಎಂದು ತಾಯಿ ಫೋಟೋ ಕಳಿಸಿದರು, ಬೆನ್ನಿನ ಫೋಟೋ. ಜ್ವರ ನಿಂತಿತು. ಆರು ವಾರಕ್ಕೆ ಸಿಆರ್‌ಪಿ ಇಳಿಯಿತು, ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ ತಾನಾಗಿ 11 ದಾಟಿತು. ಮೆದುಳಿನ ಉರಿಯೂತಕ್ಕೆಂದು ಡೋಸ್ ಹಂತ ಹಂತವಾಗಿ ಏರಿಸಿದರು. ಬೆಳಗಿನ ವಾಂತಿ ನಿಂತಿತು. ನೆಲಕ್ಕೆ ಹಣೆ ಒತ್ತುವುದೂ ನಿಂತಿತು.

ಆದರೆ ಮರುದಿನವೇ ಎದ್ದು ನಡೆಯಲಿಲ್ಲ. ಎರಡೂವರೆ ವರ್ಷ ಕಲಿಯದ್ದನ್ನು ಯಾವ ಇಂಜೆಕ್ಷನ್ನೂ ಕಲಿಸುವುದಿಲ್ಲ. ಮದ್ದು ಉರಿಯನ್ನು ಆರಿಸಿತು, ಅಲ್ಲಿಂದ ಮುಂದೆ ದಿನದಿನದ ಕೆಲಸ. ಗೋಡೆ ಹಿಡಿದು ನಿಂತದ್ದು ಎರಡು ತಿಂಗಳ ಮೇಲೆ. ಕೈ ಬಿಟ್ಟು ನಾಲ್ಕು ಹೆಜ್ಜೆ ಇಟ್ಟದ್ದು 3 ವರ್ಷ 1 ತಿಂಗಳಿಗೆ, ಹೊಸ್ತಿಲು ದಾಟಿದ್ದು ಅದರ ಮರುವಾರ. ಮನೆಯವರು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಬೀದಿಗೆಲ್ಲ ಹೋಳಿಗೆ ಹಂಚಿದರು. ಹೋದ ಕಿವಿ ವಾಪಸ್ ಬರಲಿಲ್ಲ. ವರ್ಷದ ನಂತರದ ಪರೀಕ್ಷೆಯಲ್ಲಿ ಹಿಂದಿನಷ್ಟೇ ಇತ್ತು, ಇನ್ನೂ ಕೆಟ್ಟಿರಲಿಲ್ಲ. ಇದನ್ನೂ ನಾನು ಗೆಲುವೆಂದೇ ಬರೆದುಕೊಂಡಿದ್ದೇನೆ. ಒಂದು ವರ್ಷ ಮೊದಲು ಬಂದಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬ ಲೆಕ್ಕ ಮನಸ್ಸಿನಿಂದ ಹೋಗುವುದಿಲ್ಲ.

ಇಂಜೆಕ್ಷನ್ ದಿನಾ ಕೊಡಬೇಕು, ಜೀವನ ಪೂರ್ತಿ ಬೇಕಾಗಬಹುದು. ಚರ್ಮದೊಳಗೆ ಹೋಗುವಾಗ ಮದ್ದು ಉರಿಯುತ್ತದೆ. ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟರೆ ಉರಿ ಕಡಿಮೆ ಎಂದು ನರ್ಸ್ ಹೇಳಿಕೊಟ್ಟಿದ್ದಾರೆ. ಕರೆಂಟು ಹೋದರೆಂದು ಐಸ್ ಪೆಟ್ಟಿಗೆಯೊಂದು ಸದಾ ತಯಾರಿರುತ್ತದೆ. ಸಂಜೆ ಏಳಕ್ಕೆ ಅಪ್ಪ ಸಿರಿಂಜನ್ನು ಮೇಜಿನ ಮೇಲೆ ಇಡುತ್ತಾರೆ, ಏಳೂವರೆಗೆ ತೊಡೆಗೆ ಚುಚ್ಚುತ್ತಾರೆ. ಮೊದಮೊದಲು ಆ ಅರ್ಧ ಗಂಟೆ ಮಗು ಮೂಲೆಗೆ ಸರಿದು ಮುಖ ಮುಚ್ಚಿಕೊಂಡು ಕೂರುತ್ತಿತ್ತಂತೆ.

ಕಳೆದ ಸಲ ಬಂದಾಗ ಪುಟ್ಟಿಗೆ 3 ವರ್ಷ 8 ತಿಂಗಳು. ಜ್ವರ ಬರೆದಿಡಲು ನಾನು ಕೊಟ್ಟಿದ್ದ ನೋಟ್‌ಬುಕ್ಕಿನಲ್ಲಿ ಜ್ವರದ ಕಾಲಂ ಖಾಲಿ ಬಿದ್ದದ್ದರಿಂದ ತಾಯಿ ಅಲ್ಲಿ ಮಾತುಗಳನ್ನು ಬರೆಯುತ್ತಿದ್ದಾರೆ. ನಾಯಿ, ಬಾ, ಕೊಡು, ಟಾಟಾ, ಅಜ್ಜಿ. ಒಂದು ಪುಟದ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ಎರಡು ಪದ ಬರೆದು ಸುತ್ತ ಗೆರೆ ಎಳೆದಿದ್ದರು: "ಸೂಜಿ ಬೇಡ." ಎರಡು ಪದ ಜೋಡಿಸಿ ಅವಳು ಆಡಿದ ಮೊದಲ ಮಾತು ಅದು. ಸ ಕೂಡ ಇತ್ತು ಅದರಲ್ಲಿ. ಅಪ್ಪನ ಕೈಯಲ್ಲಿ ಸಿರಿಂಜ್ ಇತ್ತಂತೆ. ಅವರು ಅದನ್ನು ಕೆಳಗಿಟ್ಟು ಹೆಂಡತಿಯನ್ನು ಕೂಗಿ ಕರೆದು, ಮಗಳಿಂದ ಇನ್ನೊಂದು ಸಲ ಹೇಳಿಸಿ, ಆಮೇಲೆ ತೊಡೆ ಒರೆಸಿ ಇಂಜೆಕ್ಷನ್ ಕೊಟ್ಟರು.